ಕಡಿಮೆ ಖರ್ಚು, ಕುಂದದ ಕೆಲಸ: ವಿಶ್ವೇಶ್ವರಯ್ಯನವರ ಲೆಕ್ಕಾಚಾರದ ಬದುಕು

ನಮ್ಮ ಗಡಿಭಾಗದ ಕನ್ನಡ ಶಾಲೆಗಳ ಗೋಡೆಗಳ ಮೇಲೆ ಮೈಸೂರು ಪೇಟ ಧರಿಸಿದ ಒಂದು ಭಾವಚಿತ್ರವಿರುತ್ತದೆ. ಸೆಪ್ಟೆಂಬರ್ 15 ಬಂದಾಗ ಅದಕ್ಕೆ ಹೂಮಾಲೆ ಬೀಳುತ್ತದೆ. ಎರಡು ಮೇಣದಬತ್ತಿಗಳ ಕಥೆ, ರೈಲು ಹಳಿಯ ಬಿರುಕಿನ ಕಥೆ ಮತ್ತೊಮ್ಮೆ ಹೇಳಲ್ಪಡುತ್ತವೆ. ಮಕ್ಕಳು ಚಪ್ಪಾಳೆ ತಟ್ಟಿ ಮನೆಗೆ ಬರುತ್ತಾರೆ. ಆದರೆ ಆ ಮನುಷ್ಯ ನಿಜವಾಗಿ ಮಾಡಿದ ಕೆಲಸವೇನು, ಹಣ ಕಡಿಮೆ ಇದ್ದ ಕಾಲದಲ್ಲಿ ಅಷ್ಟು ದೊಡ್ಡ ಕಟ್ಟಡಗಳನ್ನು ಹೇಗೆ ಎಬ್ಬಿಸಿದರು ಎಂದು ಮಕ್ಕಳು ಕೇಳಿದರೆ ನಮ್ಮಲ್ಲಿ ಬಹುತೇಕರು ಉತ್ತರ ಹೇಳಲಾರೆವು. ಕಥೆಗಳಿಗಿಂತ ಆ ಉತ್ತರವೇ ಹೆಚ್ಚು ರೋಚಕವೆಂಬುದು ನಮ್ಮ ಅಭಿಪ್ರಾಯ. ಅದಕ್ಕಾಗಿಯೇ ಈ ಲೇಖನ.

ಇಂದು ನಿರ್ಮಾಣ ಕಾಮಗಾರಿಗಳಲ್ಲಿ ಮೌಲ್ಯ ಇಂಜಿನಿಯರಿಂಗ್ ಎಂಬ ಒಂದು ಶಾಸ್ತ್ರವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೆ ಬೇಕಾದ ಸಾಮಗ್ರಿಗಳು ಮಾರುಕಟ್ಟೆಯಲ್ಲಿ ಸಿಗದಂತಾದವು. ಅಲ್ಲಿ ಖರೀದಿಯ ಹೊಣೆ ಹೊತ್ತಿದ್ದ ಲಾರೆನ್ಸ್ ಮೈಲ್ಸ್ ಎಂಬ ಇಂಜಿನಿಯರರು ವಸ್ತುವನ್ನು ಹುಡುಕುವುದನ್ನು ಬಿಟ್ಟು, ಆ ವಸ್ತು ಮಾಡುವ ಕೆಲಸವನ್ನು ಹುಡುಕತೊಡಗಿದರು. ಬಣ್ಣ ಬಳಿಯುವ ಜಾಗದಲ್ಲಿ ನೆಲಕ್ಕೆ ಬೆಂಕಿ ತಗುಲದಂತೆ ಹಾಸುತ್ತಿದ್ದ ಕಲ್ನಾರಿನ ಹಾಳೆ ಸಿಗದಿದ್ದಾಗ, ಬೆಂಕಿ ಹತ್ತದ ಅಗ್ಗದ ಕಾಗದವೊಂದು ಅದೇ ಕೆಲಸವನ್ನು ಮಾಡಬಲ್ಲದೆಂದು ಅವರ ವಿಭಾಗ ಕಂಡುಕೊಂಡಿತು. ಈ ವಸ್ತು ಏತಕ್ಕಾಗಿ ಇದೆ, ಅದೇ ಕೆಲಸವನ್ನು ಮತ್ತೇನು ಮಾಡಬಲ್ಲದು, ಅದಕ್ಕೆ ತಗಲುವ ವೆಚ್ಚವೆಷ್ಟು ಎಂಬ ಪ್ರಶ್ನೆಗಳ ಮೇಲೆ 1947ರ ಸುಮಾರಿಗೆ ಒಂದು ಪದ್ಧತಿಯೇ ನಿಂತಿತು.

ನಮ್ಮ ಭಾಗದವರಿಗೆ ಇದು ತೀರ ಹೊಸತೇನಲ್ಲ. ಸೊಲ್ಲಾಪುರದಿಂದ ಹೊರಟ ರೈಲು ದುಧನಿಯನ್ನು ದಾಟಿ, ಕಲಬುರಗಿಯನ್ನೂ ದಾಟಿದ ಮೇಲೆ ಶಹಾಬಾದ್ ಎಂಬ ನಿಲ್ದಾಣ ಬರುತ್ತದೆ. ಅಲ್ಲಿಯ ಕಲ್ಲಿನ ಫರ್ಸಿ ನಮ್ಮ ಎಷ್ಟೋ ಮನೆ, ಶಾಲೆ, ಗುಡಿಗಳ ನೆಲದಲ್ಲಿದೆ. ದೂರದಿಂದ ತರಿಸಿದ ನುಣುಪು ಹಾಸಿಗೆ ಬದಲು ಹತ್ತಿರದ ಗಟ್ಟಿ ಕಲ್ಲನ್ನು ಆಯ್ದವರು ನೆಲವು ನೆಲದ ಕೆಲಸ ಮಾಡಿದರೆ ಸಾಕೆಂದು ತಿಳಿದಿದ್ದರು. ಅದೇ ಜನ ಎರೆಮಣ್ಣಿನ ಮೇಲೆ ಗೋಡೆ ಕಟ್ಟುವಾಗ ಪಾಯದ ಆಳದಲ್ಲಿ ಉಳಿತಾಯ ಮಾಡಬಾರದೆಂಬುದನ್ನೂ ಬಲ್ಲರು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣು ಅರೆಮನಸ್ಸಿನ ಪಾಯವನ್ನು ಕ್ಷಮಿಸುವುದಿಲ್ಲ. ಒಂದೆಡೆ ಖರ್ಚು ಇಳಿಸಬಹುದು, ಇನ್ನೊಂದೆಡೆ ಇಳಿಸಬಾರದು. ಇವೆರಡರ ನಡುವಿನ ಗೆರೆಯನ್ನು ತಿಳಿದು ಎಳೆಯುವುದು ಕಷ್ಟದ ವಿದ್ಯೆ. ಆ ವಿದ್ಯೆಗೆ ಹೆಸರು ಹುಟ್ಟುವ ಅರ್ಧ ಶತಮಾನ ಮೊದಲೇ ಅದನ್ನು ಮುಂಬಯಿ ಪ್ರಾಂತದಲ್ಲಿ ನಡೆಸಿದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ಅವರು ಜನಿಸಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. 1860 ಎಂದು ಎಣಿಸುವವರೂ ಉಂಟು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ತಂದೆಯನ್ನು ಬಾಲ್ಯದಲ್ಲಿಯೇ ಕಳೆದುಕೊಂಡ ಹುಡುಗ ಬೆಂಗಳೂರಿನಲ್ಲಿ ಮನೆಪಾಠ ಹೇಳುತ್ತ ಓದಿದನು. ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಮೇಲೆ ಮೈಸೂರು ಸರಕಾರದ ವಿದ್ಯಾರ್ಥಿವೇತನ ದೊರೆತು ಪುಣೆಯ ವಿಜ್ಞಾನ ಕಾಲೇಜಿಗೆ ಬಂದನು. ಇಂದು ನಮ್ಮ ದುಧನಿಯ ಮಕ್ಕಳು ಅದೇ ಪುಣೆಗೆ ಇಂಜಿನಿಯರಿಂಗ್ ಓದಲು ರೈಲು ಹತ್ತುತ್ತಾರೆ. ಕನ್ನಡ ನಾಡಿನಿಂದ ಮರಾಠಿ ನಾಡಿಗೆ ಹೋಗಿ ಕಲಿಯುವುದರ ಅಳುಕು ನಮಗೆ ಗೊತ್ತು. ಆ ಹುಡುಗನಿಗೂ ಅದು ಇದ್ದಿರಬೇಕು. 1883ರಲ್ಲಿ ಎಲ್.ಸಿ.ಇ. ಪರೀಕ್ಷೆಯಲ್ಲಿ ಮೊದಲ ಸ್ಥಾನವೂ ಜೇಮ್ಸ್ ಬರ್ಕ್ಲಿ ಪಾರಿತೋಷಕವೂ ಅವರಿಗೆ ಬಂದವು. ಮರುವರ್ಷವೇ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರರಾಗಿ ನಾಶಿಕದಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿಂದ ಖಾನದೇಶಕ್ಕೆ, ಧುಳೆಗೆ ಹೋದರು. ಮುಂದಿನ ಇಪ್ಪತ್ತನಾಲ್ಕು ವರ್ಷ ಈ ಪ್ರಾಂತವೇ ಅವರ ಕಾರ್ಯಕ್ಷೇತ್ರವಾಯಿತು. ಮೈಸೂರಿನ ವಿಶ್ವೇಶ್ವರಯ್ಯನವರು ಸಿದ್ಧರಾದದ್ದು ಇಂದಿನ ಮಹಾರಾಷ್ಟ್ರದಲ್ಲಿ ಎಂಬುದನ್ನು ಗಡಿಯ ಎರಡೂ ಬದಿಯವರು ಮರೆಯುತ್ತಾರೆ.

ಸಿಂಧೂ ನದಿಯ ದಂಡೆಯ ಸಕ್ಕರ್ ಪಟ್ಟಣವೂ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಊರಿಗೆ ಕುಡಿಯುವ ನೀರಿನ ವ್ಯವಸ್ಥೆ ಮಾಡುವ ಹೊಣೆ ವಿಶ್ವೇಶ್ವರಯ್ಯನವರ ಮೇಲೆ ಬಿದ್ದಿತು. ನದಿಯಲ್ಲಿ ನೀರಿಗೆ ಬರವಿರಲಿಲ್ಲ. ಆದರೆ ಅದು ಕೆಸರು ನೀರು. ಕೆಸರು ನೀರನ್ನು ಸೋಸಲು ಮರಳು ತುಂಬಿದ ದೊಡ್ಡ ಸೋಸುಕಟ್ಟೆಗಳನ್ನು ಕಟ್ಟುವುದು ಆ ಕಾಲದ ರೂಢಿಯ ದಾರಿ. ಅದಕ್ಕೆ ಬೇಕಾದಷ್ಟು ಹಣ ಪುರಸಭೆಯಲ್ಲಿರಲಿಲ್ಲ. ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ನಡೆಯುವುದೇನೆಂದು ನಮಗೆಲ್ಲ ಗೊತ್ತು. ಸೋಸುಕಟ್ಟೆಯ ಅಳತೆಯನ್ನು ಕುಗ್ಗಿಸುತ್ತಾರೆ, ಕಡಿಮೆ ದರದ ಗುತ್ತಿಗೆದಾರನನ್ನು ಹುಡುಕುತ್ತಾರೆ, ಊರಿಗೆ ಅರ್ಧ ಸೋಸಿದ ನೀರು ಬರುತ್ತದೆ.

ವಿಶ್ವೇಶ್ವರಯ್ಯನವರು ಸೋಸುಕಟ್ಟೆಯನ್ನು ಬಿಟ್ಟು ಸೋಸುವ ಕೆಲಸವನ್ನು ಹಿಡಿದರು. ಕಟ್ಟೆಯಲ್ಲಿ ತುಂಬಬೇಕಾದ ಮರಳು ನದಿಯ ಪಾತ್ರದಲ್ಲಿಯೇ ಬೇಕಾದಷ್ಟಿತ್ತು. ದಂಡೆಗೆ ಹತ್ತಿರವಾಗಿ ಪಾತ್ರದಲ್ಲಿ ಒಂದು ಬಾವಿಯನ್ನು ತೋಡಿಸಿದರೆ ನದಿಯ ನೀರು ಆ ಮರಳಿನ ಮೂಲಕವೇ ಜಿನುಗಿ ತಿಳಿಯಾಗಿ ಬಾವಿಗೆ ಬರುತ್ತದೆ. ಅಲ್ಲಿಂದ ಸುರಂಗದ ಮೂಲಕ ಯಂತ್ರಗಳವರೆಗೆ ತಂದು ಗುಡ್ಡದ ಮೇಲಿನ ತೊಟ್ಟಿಗೆ ಏರಿಸಬಹುದು. ಹಾಗೆಯೇ ಮಾಡಿದರು. 1895ರಲ್ಲಿ ಕೆಲಸ ಮುಗಿದು ಊರಿಗೆ ತಿಳಿನೀರು ಹರಿಯಿತು. ನಮ್ಮ ಹಳ್ಳಿಗಳಲ್ಲಿ ಬೇಸಿಗೆಯಲ್ಲಿ ಹಳ್ಳದ ಮರಳು ಬಗೆದು ಒರತೆಯ ನೀರನ್ನು ಬಟ್ಟಲಿನಿಂದ ತುಂಬಿಕೊಂಡ ಅಜ್ಜಿಯರಿಗೆ ಈ ತತ್ತ್ವವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಒಂದು ಪಟ್ಟಣಕ್ಕೆ ಸಾಲುವಷ್ಟು ದೊಡ್ಡದಾಗಿ, ಅಳತೆ ಲೆಕ್ಕಗಳೊಂದಿಗೆ ಅದನ್ನು ಮಾಡಿ ತೋರಿಸಲು ಮಾತ್ರ ಒಬ್ಬ ಇಂಜಿನಿಯರ್ ಬೇಕಾದನು.

ಖಡಕವಾಸಲಾದ ಕೆಲಸ ಇದಕ್ಕಿಂತ ಪ್ರಸಿದ್ಧ. ಪುಣೆಯ ಬಳಿ ಮುಠಾ ನದಿಗೆ ಅಡ್ಡಲಾಗಿ 1870ರ ದಶಕದಲ್ಲಿ ಕಟ್ಟಿದ ಕಲ್ಲಿನ ಅಣೆಕಟ್ಟು ಅದು. ಅದರ ಹಿಂದೆ ನಿಂತ ನೀರಿಗೆ ಫೈಫ್ ಸರೋವರವೆಂದು ಹೆಸರಿಟ್ಟಿದ್ದರು. ಪುಣೆ ಪಟ್ಟಣದ ಕುಡಿಯುವ ನೀರು, ಕಾಲುವೆಗಳ ಕೆಳಗಿನ ಹೊಲಗಳ ನೀರು ಎರಡೂ ಅದರಿಂದಲೇ ಬರಬೇಕು. ಬೇಡಿಕೆ ಬೆಳೆಯಿತು, ನೀರು ಸಾಲದಾಯಿತು. ಆದರೆ ಪ್ರತಿ ಮಳೆಗಾಲದಲ್ಲಿಯೂ ಕೋಡಿಯ ಮೇಲೆ ಹಲವು ಅಡಿ ಎತ್ತರದಲ್ಲಿ ನೀರು ಹರಿದು ವ್ಯರ್ಥವಾಗಿ ಹೋಗುತ್ತಿತ್ತು. ಅಣೆಕಟ್ಟನ್ನು ಎತ್ತರಿಸಿದರೆ ಆ ನೀರು ಉಳಿಯುತ್ತದೆ. ಆದರೆ ಹಳೆಯ ಕಟ್ಟಡ ಹೊಸ ಭಾರವನ್ನು ಹೊರಬೇಕು. ಅದಕ್ಕೆ ಬುಡವನ್ನು ದಪ್ಪಗೊಳಿಸಬೇಕು. ಕಲ್ಲು, ಗಾರೆ, ಕೂಲಿ, ವರ್ಷಗಳು ಎಲ್ಲವೂ ಬೇಕು. ಕೋಡಿಗೆ ಮಾಮೂಲಿ ಬಾಗಿಲುಗಳನ್ನು ಕೂರಿಸಿದರೆ, ರಾತ್ರೋರಾತ್ರಿ ಮಹಾಪೂರ ಬಂದಾಗ ಅವನ್ನು ತೆರೆಯುವವರಾರು? ತೆರೆಯುವುದು ತಡವಾದರೆ ಅಣೆಕಟ್ಟೇ ಅಪಾಯಕ್ಕೆ ಈಡಾಗುತ್ತದೆ.

ಇಲ್ಲಿ ಬೇಕಾಗಿದ್ದದ್ದು ಮಳೆಗಾಲದ ಕೊನೆಯಲ್ಲಿ ನೀರನ್ನು ತಡೆದು, ಪೂರ ಬಂದಾಗ ತಾನಾಗಿಯೇ ದಾರಿ ಬಿಡುವ ಒಂದು ತಡೆ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳ ತತ್ತ್ವವನ್ನು ಎಂಟನೆಯ ತರಗತಿಯ ಮಗುವಿಗೂ ತಿಳಿಸಬಹುದು. ಬಾಗಿಲನ್ನು ರಾಟೆಯ ಮೇಲಿನ ಸರಪಳಿಯಿಂದ ಒಂದು ಎದುರುಭಾರಕ್ಕೆ ಕಟ್ಟಲಾಗಿದೆ. ಆ ಭಾರ ಒಂದು ತೊಟ್ಟಿಯೊಳಗೆ ತೂಗುತ್ತದೆ. ಸರೋವರ ತುಂಬಿ ನಿಗದಿತ ಮಟ್ಟವನ್ನು ಮೀರಿದೊಡನೆ ನೀರು ಆ ತೊಟ್ಟಿಗೆ ನುಗ್ಗುತ್ತದೆ. ನೀರಿನಲ್ಲಿ ಮುಳುಗಿದ ವಸ್ತುವಿನ ತೂಕ ಕಡಿಮೆಯಾಗುತ್ತದೆಂಬುದು ಆರ್ಕಿಮಿಡೀಸನ ಪಾಠ. ಭಾರ ಹಗುರಾಗಿ ಸಮತೋಲ ತಪ್ಪುತ್ತದೆ, ಬಾಗಿಲು ತೆರೆಯುತ್ತದೆ. ಮಟ್ಟ ಇಳಿದು ತೊಟ್ಟಿ ಬರಿದಾದಾಗ ಭಾರ ಮತ್ತೆ ಭಾರವಾಗಿ ಬಾಗಿಲು ಮುಚ್ಚುತ್ತದೆ. ಕಾವಲುಗಾರ ಬೇಡ, ಯಂತ್ರ ಬೇಡ, ಎಣ್ಣೆ ಬೇಡ. ಪೂರವೇ ಪೂರಕ್ಕೆ ಬಾಗಿಲು ತೆರೆಯಿತು.

1903ರಲ್ಲಿ ಈ ಬಾಗಿಲುಗಳು ಖಡಕವಾಸಲಾದಲ್ಲಿ ನಿಂತವು. ಅಣೆಕಟ್ಟಿನ ಒಂದು ಕಲ್ಲನ್ನೂ ಎತ್ತರಿಸದೆ ನೀರಿನ ಮಟ್ಟವನ್ನು ಸುಮಾರು 8 ಅಡಿ ಏರಿಸಲು ಸಾಧ್ಯವಾಯಿತು. ಸಂಗ್ರಹ ಸುಮಾರು ಕಾಲುಭಾಗದಷ್ಟು ಹೆಚ್ಚಿತು. ಹೊಸ ಅಣೆಕಟ್ಟಿನ ಬದಲು ಬಾಗಿಲುಗಳ ಖರೀದಿ, ಇಷ್ಟೇ. ಈ ರಚನೆಗೆ ಪೇಟೆಂಟ್ ಪಡೆದಿದ್ದರೂ, ತಾನು ಸರಕಾರಿ ನೌಕರನಾಗಿದ್ದಾಗ ಮಾಡಿದ ಕೆಲಸವೆಂಬ ಕಾರಣಕ್ಕೆ ಅದರ ಗೌರವಧನವನ್ನು ಅವರು ಸ್ವೀಕರಿಸಲಿಲ್ಲ. ಇದನ್ನು ನಾವು ಬರಿಯ ಸಜ್ಜನಿಕೆಯ ಮಾತೆಂದು ಎಣಿಸುವುದಿಲ್ಲ. ವಿನ್ಯಾಸ ಮಾಡುವವನಿಗೆ ತಾನು ಆಯ್ದ ಸಾಮಗ್ರಿಯಿಂದ ಲಾಭ ಬರುವಂತಿದ್ದರೆ ಆ ವಿನ್ಯಾಸದ ಮೇಲೆ ಯಾರಿಗೂ ವಿಶ್ವಾಸವಿರುವುದಿಲ್ಲ. ಖರ್ಚು ತಗ್ಗಿಸುವ ಶಾಸ್ತ್ರದ ಮೊದಲ ಮೆಟ್ಟಿಲು ಅಲ್ಲಿಯೇ ಇದೆ. ಮುಂದೆ ದಿವಾನ ಪದವಿಯನ್ನು ಒಪ್ಪುವ ಮುನ್ನ ನೆಂಟರಿಷ್ಟರನ್ನು ಕರೆದು, ತಮ್ಮಿಂದ ಯಾವ ಉಪಕಾರವನ್ನೂ ಕೇಳಬಾರದೆಂದು ಅವರು ಒಪ್ಪಿಗೆ ಪಡೆದರೆಂಬ ಪ್ರಸಿದ್ಧ ಪ್ರಸಂಗವನ್ನೂ ನಾವು ಇದೇ ಬೆಳಕಿನಲ್ಲಿ ಓದುತ್ತೇವೆ.

ನೀರಾ ಕಾಲುವೆಯ ಮೇಲೆ ಅವರು ಜಾರಿಗೆ ತಂದ ಬ್ಲಾಕ್ ಪದ್ಧತಿಯ ವಿಷಯವನ್ನು ಇಲ್ಲಿ ಒಂದು ಮಾತಿನಲ್ಲಿ ಮುಗಿಸುತ್ತೇವೆ. ಕೆಲವೇ ರೈತರು ಕಬ್ಬಿಗೆ ಮಿತಿಯಿಲ್ಲದೆ ನೀರು ಹಾಯಿಸುತ್ತಿದ್ದರು. ಅವರ ನೆಲ ಜೌಗಾಗುತ್ತಿತ್ತು, ಉಳಿದವರ ಹೊಲ ಒಣಗುತ್ತಿತ್ತು. ಜಮೀನುಗಳನ್ನು ಬ್ಲಾಕುಗಳಾಗಿ ವಿಂಗಡಿಸಿ, ಕಬ್ಬು ಮತ್ತು ಇತರ ಬೆಳೆಗಳನ್ನು ಸರದಿಯಂತೆ ಬೆಳೆಯುವ ಏರ್ಪಾಡು ಮಾಡಿ, ಇದ್ದ ನೀರನ್ನೇ ಹೆಚ್ಚು ಹಳ್ಳಿಗಳಿಗೆ ಹಂಚಿದರು. ಸೊಲ್ಲಾಪುರ ಜಿಲ್ಲೆಯ ಇಂದಿನ ಕಬ್ಬಿನ ಗದ್ದೆಗಳನ್ನೂ ಬೇಸಿಗೆಯ ನೀರಿನ ಟ್ಯಾಂಕರುಗಳನ್ನೂ ಒಟ್ಟಿಗೆ ನೋಡುವವರು ಈ ಪ್ರಕರಣವನ್ನು ಪ್ರತ್ಯೇಕವಾಗಿ ಓದಬೇಕು.

1908ರಲ್ಲಿ ಮುಂಬಯಿ ಸರಕಾರದ ಸೇವೆಯಿಂದ ನಿವೃತ್ತಿ ಪಡೆದು ಅವರು ವಿದೇಶ ಪ್ರವಾಸಕ್ಕೆ ಹೊರಟರು. ಅದೇ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ಕೊಚ್ಚಿತು. ನಮ್ಮ ಅಕ್ಕಲಕೋಟ ಆಗ ಒಂದು ಸಂಸ್ಥಾನ. ಅದರಾಚೆಯ ಕಲಬುರಗಿ ನಿಜಾಮರ ರಾಜ್ಯ. ನಿಜಾಮ್ ಸರಕಾರದ ಕರೆಯ ಮೇರೆಗೆ 1909ರಲ್ಲಿ ಹೈದರಾಬಾದಿಗೆ ಬಂದ ವಿಶ್ವೇಶ್ವರಯ್ಯನವರು, ಪಟ್ಟಣದ ಮೇಲ್ಭಾಗದಲ್ಲಿ ಪೂರವನ್ನು ತಡೆದು ಹಿಡಿಯುವ ಜಲಾಶಯಗಳನ್ನು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಹಾಗೆ ಹುಟ್ಟಿದವು. ಪೂರ ತಡೆಯುವ ಕಟ್ಟಡವೇ ಕುಡಿಯುವ ನೀರಿನ ಕಣಜವೂ ಆಯಿತು. ಒಂದು ಕಟ್ಟಡದಿಂದ ಎರಡು ಕೆಲಸ ತೆಗೆಯುವುದು ಅವರ ಬುದ್ಧಿಯ ಗುಣವೇ ಆಗಿತ್ತು.

ಆ ವರ್ಷದ ನವೆಂಬರಿನಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರರಾದರು. ಕಾವೇರಿಗೆ ಕನ್ನಂಬಾಡಿಯಲ್ಲಿ ಅಣೆಕಟ್ಟು ಕಟ್ಟುವ ಯೋಜನೆ ಅವರ ಬದುಕಿನ ದೊಡ್ಡ ಪಣ. ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ತು ಹುಟ್ಟುತ್ತಿತ್ತು. ಅದು ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ನದಿ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. ಅಣೆಕಟ್ಟು ನಿಂತರೆ ಗಣಿಗಳಿಗೆ ನಿರಂತರ ವಿದ್ಯುತ್ತು, ಮಂಡ್ಯದ ಒಣ ನೆಲಕ್ಕೆ ನೀರು. ಗಣಿಗಳಿಂದ ಬರುವ ಹಣ ಕಟ್ಟಡದ ಸಾಲವನ್ನು ತೀರಿಸಲು ನೆರವಾಗುತ್ತದೆ. ಆದರೂ ಸಂಸ್ಥಾನದ ಹಣಕಾಸು ಅಧಿಕಾರಿಗಳು ಹೆದರಿದರು. ಅವರ ಹೆದರಿಕೆ ಅಕಾರಣವಾಗಿರಲಿಲ್ಲ. ಅಷ್ಟು ದೊಡ್ಡ ಮೊತ್ತವನ್ನು ಒಂದೇ ಕಾಮಗಾರಿಗೆ ಸುರಿದು ಅದು ಕೈಕೊಟ್ಟರೆ ಇಡೀ ಸಂಸ್ಥಾನ ಕುಸಿಯಬಹುದಿತ್ತು. ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿದರು; 1911ರ ಅಕ್ಟೋಬರ್ 11ರ ಆಜ್ಞೆಯಂತೆ 81 ಲಕ್ಷ ರೂಪಾಯಿ ಮೀಸಲಾಯಿತು.

ಆಗ ಸಿಮೆಂಟನ್ನು ಹಡಗಿನಲ್ಲಿ ಹೊರದೇಶದಿಂದ ತರಿಸಬೇಕಿತ್ತು. ಪೋರಬಂದರಿನ ಕಾರ್ಖಾನೆ ಸಿಮೆಂಟು ಮಾಡತೊಡಗಿದ್ದು 1914ರಲ್ಲಿ. ಸುಮಾರು 8600 ಅಡಿ ಉದ್ದ, 130 ಅಡಿ ಎತ್ತರದ ಕಟ್ಟಡಕ್ಕೆ ಅದನ್ನು ಕೊಂಡಿದ್ದರೆ ಯೋಜನೆ ಕಾಗದದಲ್ಲಿಯೇ ಮಡಿಯುತ್ತಿತ್ತು. ಕಲ್ಲು ಕಲ್ಲನ್ನು ಹಿಡಿದುಕೊಳ್ಳಬೇಕು, ನೀರು ಜಿನುಗದಂತೆ ಸಂದು ಮುಚ್ಚಬೇಕು. ಗಾರೆಯ ಕೆಲಸ ಇಷ್ಟು. ಸುಣ್ಣದೊಂದಿಗೆ ಸುಟ್ಟ ಜೇಡಿಮಣ್ಣಿನ ಪುಡಿಯನ್ನು ಬೆರೆಸಿದ ಸುರ್ಕಿ ಗಾರೆಯನ್ನು ನಮ್ಮ ಕಟ್ಟಡಗಾರರು ಬಹುಕಾಲದಿಂದ ಬಲ್ಲರು. ಅದು ನಿಧಾನವಾಗಿ ಗಟ್ಟಿಯಾಗುತ್ತದೆ, ನೀರಿನಲ್ಲಿಯೂ ನಿಲ್ಲುತ್ತದೆ. ಕಲ್ಲು ಅಲ್ಲಿಯದು, ಮಣ್ಣೂ ಸುಣ್ಣವೂ ನಾಡಿನವು, ಕೈಗಳು ಹತ್ತು ಸಾವಿರ ಕಾರ್ಮಿಕರವು. ಕನ್ನಂಬಾಡಿ ಕಟ್ಟೆ ಸುರ್ಕಿಯ ಮೇಲೆ ನಿಂತಿತು. ಸುರ್ಕಿಗೆ ಹೊತ್ತು ಹೆಚ್ಚು ಬೇಕು, ಅರೆಯುವ ಶ್ರಮ ಹೆಚ್ಚು ಬೇಕು. ಆದರೆ ಹಡಗಿಗೆ ಹೋಗಬೇಕಾದ ಹಣ ಕೂಲಿಯ ರೂಪದಲ್ಲಿ ನಾಡಿನಲ್ಲಿಯೇ ಉಳಿಯಿತು.

ಖರ್ಚು ತಗ್ಗಿಸಬಾರದ ಸ್ಥಳ ಯಾವುದು ಎಂಬ ಪ್ರಶ್ನೆಯೂ ಅಲ್ಲಿಯೇ ಎದುರಾಯಿತು. ಕೆಳಗಿನ ಮದ್ರಾಸ್ ಸರಕಾರ ದೊಡ್ಡ ಅಣೆಕಟ್ಟಿಗೆ ಒಪ್ಪಲಿಲ್ಲ. ಸುಮಾರು 11 ಟಿಎಂಸಿ ನೀರು ನಿಲ್ಲಿಸುವ ಚಿಕ್ಕ ಕಟ್ಟೆಗೆ ಮಾತ್ರ ಅನುಮತಿ ಬಂದಿತು. ಮೈಸೂರಿಗೆ ಬೇಕಾಗಿದ್ದದ್ದು 41.5 ಟಿಎಂಸಿ. ಚಿಕ್ಕ ಕಟ್ಟೆಗೆ ಚಿಕ್ಕ ಪಾಯ ಸಾಕು, ಹಣವೂ ಉಳಿಯುತ್ತದೆ. ಆದರೆ ಭಾರದ ಬಲದಿಂದ ನೀರನ್ನು ತಡೆಯುವ ಕಲ್ಲಿನ ಕಟ್ಟೆಯ ಬುಡವನ್ನು, ನೀರು ನಿಂತ ಮೇಲೆ ಅಗಲಿಸುವುದು ಹೊಸದಾಗಿ ಕಟ್ಟುವುದಕ್ಕಿಂತ ಕಷ್ಟ. ಮೈಸೂರು ಪೂರ್ಣ ಎತ್ತರದ ಕಟ್ಟೆಗೆ ಬೇಕಾದ ಅಗಲದಲ್ಲಿಯೇ ಪಾಯ ಹಾಕಿತು. ಮದ್ರಾಸ್ ಸಿಟ್ಟಾಯಿತು, ವಿವಾದ ಪಂಚಾಯಿತಿಗೆ ಹೋಯಿತು. 1914ರಲ್ಲಿ ಗ್ರಿಫಿನ್ ಅವರ ತೀರ್ಪು ಮೈಸೂರಿನ ಪರವಾಗಿ ಬಂದರೂ ಮೇಲ್ಮನವಿಗಳು ನಡೆದು, ಕೊನೆಗೆ 1924ರ ಒಪ್ಪಂದದಲ್ಲಿ ಮಾತು ನಿಂತಿತು. ಅಷ್ಟು ವರ್ಷ ಆ ಅಗಲವಾದ ಪಾಯ ವಿರೋಧಿಗಳ ಕಣ್ಣಿಗೆ ವ್ಯರ್ಥ ವೆಚ್ಚವಾಗಿಯೇ ಕಂಡಿರಬೇಕು. ತೀರ್ಮಾನ ಮೈಸೂರಿನ ವಿರುದ್ಧ ಹೋಗಿದ್ದರೆ ಅದು ನಿಜವಾಗಿಯೂ ವ್ಯರ್ಥವೇ ಆಗುತ್ತಿತ್ತು. ಸುರ್ಕಿಯಲ್ಲಿ ಉಳಿಸಿದ ಮನುಷ್ಯ ಪಾಯದಲ್ಲಿ ಸುರಿದನು. ಅವರ ಲೆಕ್ಕದ ಧೈರ್ಯವೆಲ್ಲ ಈ ಒಂದು ನಿರ್ಧಾರದಲ್ಲಿ ಕಾಣುತ್ತದೆಂದು ನಾವು ತಿಳಿಯುತ್ತೇವೆ.

ಕೃಷ್ಣರಾಜಸಾಗರ ಪೂರ್ಣಗೊಳ್ಳಲು ಸುಮಾರು ಎರಡು ದಶಕಗಳೇ ಹಿಡಿದವು. ಅಷ್ಟರೊಳಗೆ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದು, ಆ ಪದವಿಯನ್ನು ಬಿಟ್ಟೂ ಆಗಿತ್ತು. ಕಟ್ಟಡವನ್ನು ಮುಗಿಸಿದವರು ಬೇರೆ ಅನೇಕ ಇಂಜಿನಿಯರರು. ಖಡಕವಾಸಲಾದ ಸ್ವಯಂಚಾಲಿತ ಬಾಗಿಲುಗಳ ತತ್ತ್ವ ಅಲ್ಲಿಯೂ ಬಳಕೆಯಾಯಿತು. ಅಂದಾಜು ಪಟ್ಟಿಯ ಕಾಲಮುಗಳಲ್ಲಿ ಹಿಡಿಯದ ವೆಚ್ಚವೂ ಒಂದಿತ್ತು. ಕನ್ನಂಬಾಡಿ ಸೇರಿದಂತೆ ಹಲವು ಹಳ್ಳಿಗಳು ಮುಳುಗಿದವು. ಅಲ್ಲಿಯ ಜನ ಮನೆ, ಹೊಲ, ಗುಡಿಗಳನ್ನು ಬಿಟ್ಟು ಎದ್ದರು. ಉಜನಿ ಜಲಾಶಯಕ್ಕಾಗಿ ಭೀಮಾ ದಂಡೆಯ ಊರುಗಳು ಎದ್ದುಹೋದದ್ದನ್ನು ಕಂಡ ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ದಿವಾನಗಿರಿಯ ಆರು ವರ್ಷಗಳಲ್ಲಿ ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾಲಯ ಹುಟ್ಟಿದವು. ಅವರು ಪದವಿ ತ್ಯಜಿಸಿದ್ದು ಸರಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪ್ರಾತಿನಿಧ್ಯ ಕೊಡುವ ಪ್ರಶ್ನೆಯ ಮೇಲೆ. ಅರ್ಹತೆಯೊಂದೇ ಅಳತೆಯಾಗಿರಬೇಕೆಂದು ಅವರು ಹಟ ಹಿಡಿದರು. ಮಹಾರಾಜರು ಹಿಂದುಳಿದವರ ಪರ ನಿಂತರು. ಅರಸರದ್ದೇ ಸರಿಯಾದ ದಾರಿಯಾಗಿತ್ತೆಂದು ನಾವು ನಂಬುತ್ತೇವೆ. ನದಿಯ ಪಾತ್ರದ ಮರಳಿನಲ್ಲಿ ಸೋಸುಕಟ್ಟೆಯನ್ನು ಕಂಡ ಕಣ್ಣು, ಶಾಲೆಯ ಬಾಗಿಲನ್ನೇ ಕಾಣದ ಮನೆಗಳಲ್ಲಿದ್ದ ಬುದ್ಧಿಯನ್ನು ಅಷ್ಟೇ ಸ್ಪಷ್ಟವಾಗಿ ಕಾಣಲಿಲ್ಲ.

1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದ ವರ್ಷವೇ ಸಂಕಟಕ್ಕೆ ಸಿಲುಕಿದಾಗ ಅವರನ್ನು ಮತ್ತೆ ಕರೆದರು. ಯುದ್ಧಾನಂತರ ಕಬ್ಬಿಣದ ಬೆಲೆ ಇಳಿದಿತ್ತು. ಯಂತ್ರಗಳೂ ಅವನ್ನು ನಡೆಸುವ ತಜ್ಞರೂ ಅಮೆರಿಕದವರು. 1929ರವರೆಗೆ ಮಂಡಳಿಯ ಅಧ್ಯಕ್ಷರಾಗಿ ಅವರು ದುಬಾರಿ ಹುದ್ದೆಗಳಿಗೆ ನಾಡಿನವರನ್ನೇ ತರಬೇತುಗೊಳಿಸಿ ಕೂರಿಸಿದರು. ಇದ್ದಿಲು ಮಾಡುವಾಗ ಸಿಗುವ ಉಪಉತ್ಪನ್ನಗಳನ್ನೂ ಮಾರಾಟಕ್ಕೆ ತಂದರು. ಆ ಕೆಲಸದ ಸಂಬಳವನ್ನು ತಮಗಾಗಿ ಇಟ್ಟುಕೊಳ್ಳದೆ ಕೈಗಸುಬು ಕಲಿಸುವ ಸಂಸ್ಥೆಗೆ ಕೊಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಹಾಗೆ ರೂಪುಗೊಂಡಿತು. 1955ರಲ್ಲಿ ಅವರಿಗೆ ಭಾರತರತ್ನ ಬಂದಿತು.

ಅವರು ನೂರರ ಹೊಸ್ತಿಲಲ್ಲಿದ್ದಾಗ ನಡೆದ ಒಂದು ಘಟನೆಯನ್ನು ಜೀವನಚರಿತ್ರೆಗಳು ಹೆಚ್ಚಾಗಿ ಹೇಳುವುದಿಲ್ಲ. ಪುಣೆಯ ಹಿರಿಯರಿಗೆ ಅದು ಇಂದಿಗೂ ನೆನಪಿದೆ. ಖಡಕವಾಸಲಾದ ಮೇಲ್ಭಾಗದಲ್ಲಿ, ಮುಠೆಯನ್ನು ಸೇರುವ ಅಂಬಿ ಹೊಳೆಯ ಮೇಲೆ ಪಾನಶೇತ ಎಂಬ ಮಣ್ಣಿನ ಅಣೆಕಟ್ಟನ್ನು ಕಟ್ಟಲಾಗುತ್ತಿತ್ತು. ಕೆಲಸ ಪೂರ್ತಿಯಾಗುವ ಮೊದಲೇ, 1961ರ ಮಳೆಗಾಲದಲ್ಲಿ ಅದರಲ್ಲಿ ನೀರು ತುಂಬಿಕೊಂಡಿತು. ಅಣೆಕಟ್ಟಿನ ಬುಡದಲ್ಲಿ ನೀರು ಹೊರಬಿಡುವ ನಾಲೆಗೆ ಬೇಕಾಗಿದ್ದ ಉಕ್ಕಿನ ಸರಳುಗಳ ಕಾಂಕ್ರೀಟಿನ ಬದಲು ಸರಳುಗಳಿಲ್ಲದ ಕಾಂಕ್ರೀಟಿನ ಇಟ್ಟಿಗೆಗಳನ್ನು ಬಳಸಿದ್ದರು; ಉಕ್ಕಿಗೆ ಆಗ ಅಭಾವವಿತ್ತು. ನುಗ್ಗುವ ನೀರಿಗೆ ಆ ನಾಲೆ ತಾಳಲಿಲ್ಲ. ಅದರ ಮೇಲಿನ ಮಣ್ಣು ಕುಸಿಯಿತು, ಕಟ್ಟೆ ತಗ್ಗಿತು, ನೀರು ಮೇಲೇರಿ ಹರಿಯಿತು. ಸೈನಿಕರು ಇರುಳೆಲ್ಲ ಮರಳಿನ ಚೀಲಗಳನ್ನು ಒಟ್ಟಿದರು. ಜುಲೈ 12ರ ಬೆಳಿಗ್ಗೆ ಪಾನಶೇತ ಒಡೆಯಿತು.

ಒಂದು ಸಾಮಗ್ರಿ ಸಿಗದಿದ್ದಾಗ ಇನ್ನೊಂದನ್ನು ಬಳಸುವುದು ಸಕ್ಕರಿನಲ್ಲಿಯೂ ಕನ್ನಂಬಾಡಿಯಲ್ಲಿಯೂ ನಡೆದಿತ್ತು. ಹೊರಗಿನಿಂದ ನೋಡಿದರೆ ಪಾನಶೇತದಲ್ಲಿ ನಡೆದದ್ದೂ ಅದೇ. ಆದರೆ ಸುರ್ಕಿ ಗಾರೆ ಸಿಮೆಂಟಿನ ಕೆಲಸವನ್ನು ಮಾಡಬಲ್ಲದು. ಸರಳುಗಳಿಲ್ಲದ ಕಾಂಕ್ರೀಟು ಸರಳುಗಳ ಕೆಲಸವನ್ನು ಮಾಡಲಾರದು. ಜಗ್ಗುವ, ಬಾಗುವ ಬಲವನ್ನು ತಾಳುವುದು ಉಕ್ಕು. ಒತ್ತುವ ಬಲವನ್ನು ಹೊರುವುದು ಕಾಂಕ್ರೀಟು. ಮನೆಯ ಸ್ಲ್ಯಾಬಿನಲ್ಲಿ ಸರಳು ಕಡಿಮೆ ಹಾಕೋಣವೆಂದು ಹೇಳುವ ಮೇಸ್ತ್ರಿಯ ಎದುರು ನಿಲ್ಲುವ ಪ್ರತಿ ತಂದೆತಾಯಿಗೆ, ಶಾಲೆಯ ಹೊಸ ಕೋಣೆಯ ಅಂದಾಜು ಪಟ್ಟಿಯ ಮೇಲೆ ಸಹಿ ಹಾಕುವ ವ್ಯವಸ್ಥಾಪನ ಸಮಿತಿಯ ಪ್ರತಿ ಸದಸ್ಯರಿಗೆ ಈ ಭೇದ ತಿಳಿದಿರಬೇಕು. ಆ ಕೋಣೆಯ ಕೆಳಗೆ ಕೂರುವವರು ನಮ್ಮ ಮಕ್ಕಳೇ.

ಪಾನಶೇತದ ನೀರು ಖಡಕವಾಸಲಾಕ್ಕೆ ಬಂದು ಅಪ್ಪಳಿಸಿತು. ಎಂಬತ್ತು ವರ್ಷಗಳಷ್ಟು ಹಳೆಯ ಕಲ್ಲಿನ ಕಟ್ಟೆಯನ್ನೂ ಅದರ ಸ್ವಯಂಚಾಲಿತ ಬಾಗಿಲುಗಳನ್ನೂ ರೂಪಿಸಿದ್ದು ನದಿಯ ಪೂರಕ್ಕೆ. ಒಡೆದ ಇನ್ನೊಂದು ಅಣೆಕಟ್ಟಿನ ಸಮುದ್ರಕ್ಕಲ್ಲ. ಕೆಲವು ಗಂಟೆ ತಡೆದು ನಿಂತ ಕಟ್ಟೆ ಅದೇ ದಿನ ಒಡೆಯಿತು. ಪುಣೆಯ ತಗ್ಗಿನ ಪೇಟೆಗಳು ಮುಳುಗಿದವು, ಸೇತುವೆಗಳ ಮೇಲೆ ನೀರು ಹರಿಯಿತು, ಊರಿಗೆ ಕುಡಿಯುವ ನೀರೇ ಇಲ್ಲದಂತಾಯಿತು. ಖಡಕವಾಸಲಾವನ್ನು ಮುಂದೆ ಮತ್ತೆ ಕಟ್ಟಿದರು. ಇಂದಿಗೂ ಪುಣೆ ಅದರ ನೀರನ್ನು ಕುಡಿಯುತ್ತದೆ.

ಆ ಮಹಾಪೂರದ ಒಂಬತ್ತು ತಿಂಗಳ ಬಳಿಕ, 1962ರ ಏಪ್ರಿಲ್ 14ರಂದು, ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ನಿಧನರಾದರು. ಅಂತ್ಯಕ್ರಿಯೆ ಮುದ್ದೇನಹಳ್ಳಿಯಲ್ಲಿ ನಡೆಯಿತು.